ಜೀನಸಂಗಡಿಗೆ ಕಂಪ್ಯೂಟರ್ ತರಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಕಾಸರಗೋಡಿನ ಬದಿಯಡ್ಕ ಹತ್ತಿರ

ಅಪ್ಪನ ಕಾಲದ ಜೀನಸಂಗಡಿ ನಮ್ಮದು. ಅಕ್ಕಿ, ಬೇಳೆ, ಸಾಬೂನು, ಒಂದು ಮೂಲೆಯಲ್ಲಿ ಹಗ್ಗ, ಕತ್ತಿ, ಪೈಪಿನ ಸಾಮಾನು. ನಾನು, ಅಮ್ಮ, ಸಹಾಯಕ್ಕೆ ಒಬ್ಬ ಹುಡುಗ. ರಾತ್ರಿ ಎಂಟಕ್ಕೆ ಬಾಗಿಲು ಹಾಕಿದರೂ ಲೆಕ್ಕ ಮುಗಿಯುವಾಗ ಹತ್ತು ಕಳೆಯುತ್ತದೆ. ಸಾಲ ಬರೆಯುವ ಕಡದ ಪುಸ್ತಕವೇ ಮೂರು ಉಂಟು, ಯಾರ ಬಾಕಿ ಯಾವುದರಲ್ಲಿ ಅಂತ ಅಮ್ಮನಿಗೆ ಮಾತ್ರ ಗೊತ್ತು. ಕಂಪ್ಯೂಟರ್, ಸಾಫ್ಟ್‌ವೇರ್, ಪ್ರಿಂಟರ್ ಎಲ್ಲ ಒಟ್ಟಿಗೆ ಹಾಕಿಸು, 80 ಸಾವಿರ ಆಗಬಹುದು ಅಂತ ಅಕ್ಕನ ಮಗ ಹೇಳುತ್ತಾನೆ. ನನ್ನ ಕೈಯಲ್ಲಿರುವುದು 25 ಸಾವಿರ. ಎಲ್ಲಿಂದ ಶುರು ಮಾಡಲಿ?

ಕುಂಬಳೆಯಿಂದ, ದಿನಸಿ ವ್ಯಾಪಾರ

ನಾನು ಕಂಪ್ಯೂಟರಿನಿಂದಲೇ ಶುರು ಮಾಡಿದವ. ಮಾಡಬಾರದಿತ್ತು. ಅಂಗಡಿಯಲ್ಲಿ 800ರಷ್ಟು ಐಟಂ, ಎಲ್ಲವನ್ನೂ ಒಂದೇ ಸಲ ತುಂಬಿಸುತ್ತೇನೆ ಅಂತ ಹದಿನೈದು ರಾತ್ರಿ ಕೂತೆ. ಮುಗಿಯುವ ಹೊತ್ತಿಗೆ ಮೊದಲು ತುಂಬಿಸಿದ್ದರ ರೇಟು ಬದಲಾಗಿತ್ತು. ಮತ್ತೆ ಕಂಪ್ಯೂಟರಿನ ಮೇಲೆ ಆರು ತಿಂಗಳು ಹಾಳೆ ಹೊದೆಸಿ ಇಟ್ಟದ್ದು.

ಎರಡನೇ ಸಲ ಫೋನಿನ ಬಿಲ್ಲು ಮಾಡುವ ಆಪಿನಲ್ಲಿ ಹಿಡಿದೆ. ದಿನಾ ಕೈಗೆ ಬರುವ 60 ಐಟಂ ಮಾತ್ರ. ಉಳಿದದ್ದಕ್ಕೆ ಜಿಎಸ್‌ಟಿ ಶೇಕಡಾ ಪ್ರಕಾರ ಮೂರು ಚೀಲ: ಇತರೆ ಸೊನ್ನೆ, ಇತರೆ 5, ಇತರೆ 18. ಯಾವುದು ಹೆಚ್ಚು ಹೋಗುತ್ತದೋ ಅದನ್ನು ಚೀಲದಿಂದ ತೆಗೆದು ಹೆಸರು ಕೊಡುವುದು, ವಾರಕ್ಕೆ ಹತ್ತು. ಇದರಿಂದ ಇನ್ನೊಂದು ಉಪಕಾರ ಆಯಿತು. 2025 ಸೆಪ್ಟೆಂಬರ್ 22ಕ್ಕೆ ಸಾಬೂನು, ಶಾಂಪೂ, ಟೂತ್‌ಪೇಸ್ಟ್ ಎಲ್ಲ 18ರಿಂದ 5ಕ್ಕೆ ಇಳಿಯಿತಲ್ಲ, ಆಚೆ ಅಂಗಡಿಯವರು ಎರಡು ದಿನ ತಲೆ ಕೆಡಿಸಿಕೊಂಡರು. ನನಗೆ ಒಂದು ಚೀಲದಿಂದ ಇನ್ನೊಂದಕ್ಕೆ ಹಾಕುವ ಕೆಲಸ ಅಷ್ಟೆ.

ಆದರೆ ನಿಜವಾದ ಪೇಚಾಟ ಇದ್ದದ್ದು ಹೆಸರಿನಲ್ಲಿ. ಇದು ಸಾಫ್ಟ್‌ವೇರ್ ಮಾರುವವರಿಗೆ ಗೊತ್ತಿಲ್ಲ, ನಮ್ಮ ಊರಿನವರಿಗೆ ಮಾತ್ರ ಗೊತ್ತು. ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗ ಪುತ್ತೂರು ಕಡೆಯವ, ಮಲಯಾಳ ಬರುವುದಿಲ್ಲ. ತೆಂಕಣ ಕೇರಳದಿಂದ ವರ್ಗವಾಗಿ ಬಂದ ಟೀಚರೊಬ್ಬರು ಎರಡು ಕಿಲೋ ಶರ್ಕರ ಕೇಳಿದರು. ಇವ ಸಕ್ಕರೆ ಕಟ್ಟಿ, ಸಕ್ಕರೆಯ ಬಿಲ್ಲು ಮಾಡಿ ಕೊಟ್ಟ. ಅವರೂ ಚೀಲ ಬಿಚ್ಚಿ ನೋಡಲಿಲ್ಲ. ಸಂಜೆ ಅಡ ಪಾಯಸಕ್ಕೆ ನೀರು ಕುದಿಯುತ್ತಿರುವಾಗ ಓಡಿ ಬಂದರು. ಅವರಿಗೆ ಬೇಕಾದದ್ದು ಬೆಲ್ಲ. ಸಕ್ಕರೆಗೆ ಅವರು ಪಂಚಸಾರ ಅನ್ನುವುದು. ಬದಲಿಸಿ ಕೊಟ್ಟದ್ದೇನೋ ಸರಿ, ಸ್ಟಾಕ್ ಲೆಕ್ಕದಲ್ಲಿ ಸಕ್ಕರೆ ಎರಡು ಕಿಲೋ ಹೆಚ್ಚು, ಬೆಲ್ಲ ಎರಡು ಕಿಲೋ ಕಡಿಮೆ. ತಿಂಗಳ ಕೊನೆಗೆ ಇಂಥವು ಎಷ್ಟು ಸಿಕ್ಕಿತು ಅಂತ ಹೇಳಿದರೆ ನಾಚಿಕೆ.

ಹುರುಳಿಗೆ ತುಳುವಿನಲ್ಲಿ ಕುಡು, ಮಲಯಾಳದಲ್ಲಿ ಮುದಿರ. ಮೆಂತ್ಯಕ್ಕೆ ಉಲುವ, ಕೊತ್ತಂಬರಿಗೆ ಮಲ್ಲಿ. ಒಳ್ಳೆಮೆಣಸಿಗೆ ಎಡ್ಡೆಮುಂಚಿ ಅನ್ನುವವರೂ ಬರುತ್ತಾರೆ, ಕುರುಮುಳಕ್ ಅನ್ನುವವರೂ ಬರುತ್ತಾರೆ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಐಟಮಿನ ಹೆಸರಿನ ಕೆಳಗೆ ‘ಅಲಿಯಾಸ್’ ಅಂತಲೇ ಒಂದು ಜಾಗ ಉಂಟು, ಅಡ್ಡಹೆಸರು ಹಾಕಲಿಕ್ಕೆ. ಅದಿಲ್ಲದ ಆಪ್‌ಗಳಲ್ಲಿ ನಾನು ಹೆಸರಿನಲ್ಲೇ ಗೀಟು ಹಾಕಿ ಬರೆಯುತ್ತೇನೆ: ಹುರುಳಿ/ಕುಡು/ಮುದಿರ. ಯಾವುದು ಟೈಪ್ ಮಾಡಿದರೂ ಅದೇ ಐಟಂ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಡಿ, ಕೊತ್ತಂಬರಿಗೆ ನಮ್ಮ ಮನೆಯಲ್ಲೇ ಮೂರು ಸ್ಪೆಲ್ಲಿಂಗ್ ಇತ್ತು, ಮೂರು ಐಟಂ ಆಗಿ ಕೂತಿತ್ತು. ಹೆಚ್ಚು ಹೋಗುವ ಸಾಮಾನಿಗೆ ನಂಬರ್ ಕೊಡಿ. ನಮ್ಮಲ್ಲಿ 11 ಸಕ್ಕರೆ, 12 ಬೆಲ್ಲ. ಪಟ್ಟಿಯನ್ನು ತಕ್ಕಡಿಯ ಹಿಂದಿನ ಗೋಡೆಗೆ ಅಂಟಿಸಿದ್ದೇನೆ.

ಪ್ರಿಂಟರ್ ಬಗ್ಗೆ ಒಂದು ಮಾತು. ಎರಡಿಂಚಿನ ಬ್ಲೂಟೂತ್ ಥರ್ಮಲ್ ಪ್ರಿಂಟರ್ ನನಗೆ ಎರಡೂವರೆ ಸಾವಿರ ಚಿಲ್ಲರೆಗೆ ಸಿಕ್ಕಿತು, ಸಾಕು. ಆದರೆ ತೆಗೆದುಕೊಳ್ಳುವ ಮೊದಲು ನಿಮ್ಮ ಆಪಿನಿಂದಲೇ ಒಂದು ಕನ್ನಡ ಬಿಲ್ಲು ತೆಗೆದು ನೋಡಿ. ಎಷ್ಟೋ ಪ್ರಿಂಟರಿಗೆ ಕನ್ನಡ ಅಕ್ಷರ ಗೊತ್ತಿರುವುದಿಲ್ಲ. ಆಪ್ ಬಿಲ್ಲನ್ನು ಚಿತ್ರವಾಗಿ ಕಳಿಸಿದರೆ ಮಾತ್ರ ಬರುತ್ತದೆ, ಇಲ್ಲದಿದ್ದರೆ ಉದ್ದಕ್ಕೂ ಪ್ರಶ್ನೆ ಚಿಹ್ನೆ.

ನೀರ್ಚಾಲಿನಿಂದ, ಹೊಲಿಗೆ ಅಂಗಡಿ

ನನ್ನದು ಸಣ್ಣ ಕೆಲಸ, ಆದರೂ ಹೇಳುತ್ತೇನೆ. ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಅದಕ್ಕೆ ದುಡ್ಡಿಲ್ಲ. ‘ಅಕ್ಕ, ರವಿಕೆ ಆಯಿತಾ’ ಅಂತ ದಿನಕ್ಕೆ ಮೂವತ್ತು ಸಲ ಮೆಸೇಜು ಬರುತ್ತಿತ್ತು, ಮೆಷಿನ್ ನಿಲ್ಲಿಸಿ ಉತ್ತರ ಕೊಡುತ್ತಿದ್ದೆ. ಈಗ ‘ಅಳತೆ ಆಯಿತು’, ‘ಹೊಲಿದಾಯಿತು’, ‘ಹಣ ಬಾಕಿ’ ಅಂತ ಲೇಬಲ್ ಮಾಡಿದ್ದೇನೆ, ಉತ್ತರಗಳನ್ನೂ ಬರೆದು ಇಟ್ಟಿದ್ದೇನೆ. ಓರೆಗೆರೆ ಒತ್ತಿದರೆ ಪಟ್ಟಿ ಬರುತ್ತದೆ, ಮುಟ್ಟಿದರೆ ಹೋಯಿತು. ಬ್ರಾಡ್‌ಕಾಸ್ಟ್ ಕಳಿಸಿದರೂ ಯಾರಿಗೂ ಹೋಗುವುದಿಲ್ಲ ಅಂತ ಕೆಲವರು ಬೇಜಾರು ಮಾಡುತ್ತಾರೆ. ನಿಮ್ಮ ನಂಬರನ್ನು ಸೇವ್ ಮಾಡಿದವರಿಗೆ ಮಾತ್ರ ಅದು ಮುಟ್ಟುವುದು. ಗಿರಾಕಿ ಎದುರು ನಿಂತಿರುವಾಗಲೇ ಸೇವ್ ಮಾಡಿಸಿ.

ಉಪ್ಪಳದಿಂದ, ಹೋಟೆಲು

ಯುಪಿಐ ಇಟ್ಟಿದ್ದೀರಿ ಅಂತ ಅಂದುಕೊಳ್ಳುತ್ತೇನೆ. ಮಾತಾಡುವ ಡಬ್ಬಿ ಇಲ್ಲದಿದ್ದರೆ ಮೊದಲು ಅದನ್ನು ತನ್ನಿ. ಮಧ್ಯಾಹ್ನ ಊಟದ ಗದ್ದಲದಲ್ಲಿ ಒಬ್ಬ ಫೋನ್ ಎತ್ತಿ ಹಸಿರು ಟಿಕ್ ತೋರಿಸಿ ಹೋದ, 640 ರೂಪಾಯಿ. ರಾತ್ರಿ ನೋಡಿದರೆ ಬಂದೇ ಇಲ್ಲ. ತೋರಿಸಿದ್ದು ಹಳೆಯದೋ, ಎಡಿಟ್ ಮಾಡಿದ್ದೋ ದೇವರಿಗೇ ಗೊತ್ತು. ಈಗ ಡಬ್ಬಿ ಕೂಗದೆ ಹಣ ಬಂತು ಅಂತ ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಕನ್ನಡದಲ್ಲಿ ಕೂಗುವ ಹಾಗೆ ಮಾಡಿದ್ದೆ, ಅಡುಗೆಯವ ಪಯ್ಯನ್ನೂರಿನವ, ಅವನಿಗೂ ತಿಳಿಯಲಿ ಅಂತ ಮಲಯಾಳಕ್ಕೆ ಬದಲಿಸಿದೆ.

ಇನ್ನೊಂದು: ಹಣ ಪಡೆಯಲಿಕ್ಕೆ ಪಿನ್ ಒತ್ತುವ ಕೆಲಸವೇ ಇಲ್ಲ. ‘ಅಡ್ವಾನ್ಸ್ ಕಳಿಸಿದ್ದೇನೆ, ಪಿನ್ ಹಾಕಿ ಸ್ವೀಕರಿಸಿ’ ಅಂತ ಫೋನ್ ಬಂದರೆ ಇಟ್ಟುಬಿಡಿ. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡ ಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುತ್ತದೆ.

ಮಂಜೇಶ್ವರದಿಂದ, ಹಾರ್ಡ್‌ವೇರ್

ನೀವು ಪೈಪು, ಕತ್ತಿ ಮಂಗಳೂರಿನಿಂದ ತರುವುದಾದರೆ ಇದನ್ನು ಓದಿ. ಮಂಗಳೂರಿನ ಒಂದು ಸಗಟು ಅಂಗಡಿಯಿಂದ ಎರಡು ವರ್ಷ ಮಾಲು ತಂದೆ. ನನ್ನ ಜಿಎಸ್‌ಟಿ ನಂಬರ್ ಕೊಟ್ಟಿದ್ದೆ, ಬಿಲ್ಲಿನಲ್ಲಿ ನಂಬರೂ ಇತ್ತು. ಆದರೆ ತೆರಿಗೆಯನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಪಾಲು (ಕೇಂದ್ರದ್ದು, ರಾಜ್ಯದ್ದು) ಮಾಡಿ ಹಾಕುತ್ತಿದ್ದರು. ಅದು ಕರ್ನಾಟಕದೊಳಗಿನ ಮಾರಾಟದ ಲೆಕ್ಕ. ನನ್ನ ನಂಬರ್ ಶುರುವಾಗುವುದು ಕೇರಳದ 32ರಿಂದ, ಅವರದ್ದು ಕರ್ನಾಟಕದ 29ರಿಂದ. ಗಡಿ ದಾಟುವ ಮಾಲಿಗೆ ಐಜಿಎಸ್‌ಟಿ ಆಗಬೇಕು. ಹಾಗಿಲ್ಲದ ಕಾರಣ ಆ ತೆರಿಗೆಯ ಒಂದು ಪೈಸೆಯೂ ನನಗೆ ಕ್ರೆಡಿಟ್, ಅಂದರೆ ನಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ, ಸಿಗಲಿಲ್ಲ. ತಲಪಾಡಿ ಗೇಟಿನಿಂದ ನಮಗೆ ಅರ್ಧ ಗಂಟೆಯೂ ಬೇಡ, ಆದರೆ ಲೆಕ್ಕದಲ್ಲಿ ಅದು ಹೊರರಾಜ್ಯ.

ಇದನ್ನು ಹಿಡಿಯಲಿಕ್ಕೆ ದೊಡ್ಡ ವಿದ್ಯೆ ಬೇಡ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲಿನಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ತಯಾರಾಗುತ್ತದೆ, ಯಾವ ಬಿಲ್ಲಿನ ಕ್ರೆಡಿಟ್ ಉಂಟು, ಯಾವುದರದ್ದು ಇಲ್ಲ ಅಂತ ಅದರಲ್ಲೇ ಇರುತ್ತದೆ. ನಾನು ಅದನ್ನು ಎಕ್ಸೆಲ್ಲಿಗೆ ಇಳಿಸಿ ನಮ್ಮ ಖರೀದಿ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡುತ್ತೇನೆ. ಇಪ್ಪತ್ತು ನಿಮಿಷದ ಕೆಲಸ. ಮೊದಲು ಇದನ್ನು ಪೂರ್ತಿ ಲೆಕ್ಕದವರಿಗೆ ಬಿಟ್ಟಿದ್ದೆ, ಅವರಿಗೆ ಪುರುಸೊತ್ತಿರಲಿಲ್ಲ.

ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಒಂದೇ ದರದ ತೆರಿಗೆ ಕಟ್ಟುವ ಕಾಂಪೊಸಿಷನಿನಲ್ಲಿ ಇರುವವರಾದರೆ ಕ್ರೆಡಿಟ್ಟಿನ ಮಾತೇ ಇಲ್ಲ. ಆದರೆ ಗಡಿಯಾಚೆ ಮಾರುವಂತೆಯೂ ಇಲ್ಲ, ಅದನ್ನು ಮರೆತು ವಿಟ್ಲಕ್ಕೆ ಮಾಲು ಕಳಿಸಬೇಡಿ. 50 ಸಾವಿರ ದಾಟಿದ ಲೋಡಿಗೆ ಮಾಲು ಸಾಗಿಸುವ ಇ-ವೇ ಬಿಲ್ಲು ಬೇಕು, ಫೋನಿನಲ್ಲೇ ಆಗುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಪಿಕಪ್ಪಿಗೆ ಹಾಕಿದರೆ ಗಾಡಿ ನಂಬರ್ ಬದಲಿಸಲಿಕ್ಕೆ ಮರೆಯಬಾರದು. ನಾನು ಮರೆತಿದ್ದೇನೆ, ದಂಡದ ಕತೆ ಇನ್ನೊಮ್ಮೆ.

ಮತ್ತೆ, ಥರ್ಮಲ್ ಕಾಗದದ ಬಿಲ್ಲು ದಿನ ಕಳೆದ ಹಾಗೆ ಬೆಳ್ಳಗಾಗುತ್ತದೆ. ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆ ದಿನದಿಂದ 72 ತಿಂಗಳು ದಾಖಲೆ ಇಡಬೇಕು ಅಂತ ಕಾನೂನು. ಮಾಲು ಇಳಿಸಿದ ಕೂಡಲೇ ಬಿಲ್ಲಿನ ಫೋಟೋ ತೆಗೆದು ತಿಂಗಳ ಹೆಸರಿನ ಫೋಲ್ಡರಿಗೆ ಹಾಕಿ.

ಮುಳ್ಳೇರಿಯದಿಂದ, 31 ವರ್ಷ ಅಂಗಡಿಯಲ್ಲಿ ಕೂತವ

ಎಲ್ಲರೂ ಆಪ್ ಆಪ್ ಅನ್ನುತ್ತೀರಿ, ನಾನು ಕಡಕ್ಕೆ ಪುಸ್ತಕಕ್ಕೇ ಮರಳಿದವ. ಮಗ ಒಂದು ಆಪ್ ಹಾಕಿಕೊಟ್ಟಿದ್ದ. ನಾವು ಬಾಕಿ ಬರೆದ ಕೂಡಲೇ ಗಿರಾಕಿಗೆ ತನ್ನಷ್ಟಕ್ಕೆ ಮೆಸೇಜು ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅಡಿಕೆ ಕೊಟ್ಟ ದಿನ ಬಂದು ಬಾಕಿ ತೀರಿಸುವ ಮನುಷ್ಯ, ಅವರ ತಂದೆ ತೀರಿಕೊಂಡ ಮೂರನೇ ದಿನ ‘ನಿಮ್ಮ ಬಾಕಿ 4,310’ ಅಂತ ಅವರ ಫೋನಿಗೆ ಹೋಗಿದೆ. ಅವರು ಬೈಯಲಿಲ್ಲ. ಬಂದು ಎಣಿಸಿ ಕೊಟ್ಟು ಹೋದರು, ಮತ್ತೆ ಎಂಟು ತಿಂಗಳು ನಮ್ಮ ಅಂಗಡಿಯ ಜಗಲಿ ಹತ್ತಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕುಂಬಳೆಯವರು ಮತ್ತೆ

ನಿಮ್ಮ ಮಾತು ಹೌದು. ಆದರೆ ಆ ಮೆಸೇಜನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಬಹುದು. ನಾನು ಎಲ್ಲರಿಗೂ ನಿಲ್ಲಿಸಿದ್ದೇನೆ, ತಾನಾಗಿ ಕೇಳಿದ ನಾಲ್ಕು ಮಂದಿಗೆ ಮಾತ್ರ ಬಿಟ್ಟಿದ್ದೇನೆ. ಬದಿಯಡ್ಕದವರು ಅಮ್ಮನ ಪುಸ್ತಕವನ್ನು ಕಿತ್ತುಕೊಳ್ಳಬೇಡಿ. ಒಂದು ತಿಂಗಳು ಎರಡೂ ಬರೆಯಿರಿ.

ಪೆರ್ಲದಿಂದ, ಪ್ರಿಂಟಿಂಗ್ ಕೆಲಸ

ಕರೆಂಟಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಅರ್ಧ ದಿನ ಹೋಯಿತು. ವೈಫೈ ರೂಟರ್ ಸಾಮಾನ್ಯವಾಗಿ 12 ವೋಲ್ಟಿನದ್ದು. ಅದಕ್ಕೆಂದೇ ಅಂಗೈಯಷ್ಟಗಲದ ಯುಪಿಎಸ್ ಸಿಗುತ್ತದೆ, ನನ್ನದು ಮೂರು ಗಂಟೆ ತಡೆಯುತ್ತದೆ. ಇನ್ವರ್ಟರ್ ಇಲ್ಲದ ಅಂಗಡಿಗೆ ಅದೇ ಧಾರಾಳ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗು ಶುರುವಾದ ಕೂಡಲೇ ಪ್ಲಗ್ಗು ಎಳೆಯಬೇಕು, ಸ್ವಿಚ್ಚು ಆರಿಸಿದರೆ ಸಾಲದು. ಫೈಬರ್ ಕೇಬಲಿನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಅದು ಬರುವುದು ಕರೆಂಟಿನ ತಂತಿಯಲ್ಲಿ. ಹಾಗೆಯೇ ನನ್ನ ಲ್ಯಾಪ್‌ಟಾಪ್ ಹೋಯಿತು. ಬ್ಯಾಕಪ್ ಇತ್ತಾ ಅಂದರೆ ಇತ್ತು, ಅದೇ ಲ್ಯಾಪ್‌ಟಾಪಿನ ಡಿ ಡ್ರೈವಿನಲ್ಲಿ! ಈಗ ರಾತ್ರಿ ಬಾಗಿಲು ಹಾಕುವ ಮೊದಲು ಗೂಗಲ್ ಡ್ರೈವಿಗೆ ಹೋಗುತ್ತದೆ. 15 ಜಿಬಿ ಧರ್ಮಕ್ಕೆ ಕೊಡುತ್ತಾರೆ, ಅಂಗಡಿ ಲೆಕ್ಕಕ್ಕೆ ಬೇಕಾದಷ್ಟಾಯಿತು.

ಮಲಯಾಳದಲ್ಲಿ ಮಾತ್ರ ಇರುವ ನೋಟಿಸು, ಕಂಪೆನಿಯ ಕಾಗದ ಬಂದರೆ ಗೂಗಲ್ ಲೆನ್ಸ್ ಹಿಡಿಯಿರಿ, ಕನ್ನಡದಲ್ಲಿ ತೋರಿಸುತ್ತದೆ. ಕನ್ನಡ ಸ್ವಲ್ಪ ತಮಾಷೆಯಾಗಿರುತ್ತದೆ, ಆದರೆ ಕೊನೆ ದಿನಾಂಕ ಯಾವುದು, ಎಷ್ಟು ಕಟ್ಟಬೇಕು ಅಂತ ತಿಳಿಯುತ್ತದೆ. ಸಹಿ ಹಾಕುವ ಕಾಗದವಾದರೆ ಮಾತ್ರ ಗೊತ್ತಿದ್ದವರ ಹತ್ತಿರ ಓದಿಸಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ದುಡ್ಡು ಕೇಳುವ ವೆಬ್‌ಸೈಟುಗಳು ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ, ಸರಕಾರದ್ದು ಪೂರ್ತಿ ಉಚಿತ. ನಾನು 1,500 ಕೊಟ್ಟ ಮೇಲೆ ಗೊತ್ತಾದದ್ದು.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಉತ್ತರ ಬರೆಯಲಿಕ್ಕೆ ಆಗಲಿಲ್ಲ, ಕ್ಷಮಿಸಿ. ಕಂಪ್ಯೂಟರ್ ತರಲಿಲ್ಲ. ಪ್ರಿಂಟರ್, ರೂಟರಿನ ಯುಪಿಎಸ್ ತಂದೆ, ಕೂಗುವ ಡಬ್ಬಿಗೆ ಹೇಳಿಟ್ಟಿದ್ದೇನೆ. ಇನ್ನೂ ಹದಿನೇಳು ಸಾವಿರ ಕೈಯಲ್ಲುಂಟು. ಐಟಂ 48 ಆಗಿದೆ. ಮಂಗಳೂರಿನ ಬಿಲ್ಲುಗಳನ್ನು ತೆಗೆದು ನೋಡಿದೆ, ಒಂದು ಅಂಗಡಿಯವರು ನನಗೂ ಎರಡು ಪಾಲು ಹಾಕುತ್ತಿದ್ದರು. ಈ ತಿಂಗಳಿನಿಂದ ಸರಿ ಮಾಡುತ್ತಾರಂತೆ, ಹಳೆಯದಕ್ಕೆ ಎಂತ ಮಾಡುವುದು ಅಂತ ಮಂಜೇಶ್ವರದವರು ಪುರುಸೊತ್ತಾದಾಗ ಹೇಳಬೇಕು.

ಅಮ್ಮ ಪುಸ್ತಕ ಬಿಟ್ಟಿಲ್ಲ. ಆದರೆ ನಿನ್ನೆ ಗೋಡೆಯ ಪಟ್ಟಿಯನ್ನು ಕನ್ನಡಕ ಹಾಕಿ ಮೇಲಿಂದ ಕೆಳಗಿನವರೆಗೆ ಓದಿದರು. ಹೆಸರುಕಾಳಿನ ಎದುರು ಚೆರುಪಯರ್ ಅಂತ ಮಾತ್ರ ಬರೆದಿದ್ದೀಯಲ್ಲ, ಪದೆಂಗಿ ಕೇಳಿಕೊಂಡು ಬರುವವರು ಎಲ್ಲಿಗೆ ಹೋಗಬೇಕು ಅಂತ ಕೇಳಿ, ಪೆನ್ನು ತೆಗೆದು ತಾವೇ ಬರೆದರು.