‘ಪಿತೂರಿ ಸಿದ್ಧಾಂತ’ ಸರಿಯೇ? ಡಯಾನಾ ಸಾವಿನ ಬರಹದಲ್ಲಿ ಸಿಕ್ಕಿದ ಎರಡು ತೊಡಕುಗಳು

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ರಾಜಮನೆತನದ ಬಗ್ಗೆ ಅಲ್ಲಿನ ಜನ ಏನೇನು ನಂಬುತ್ತಾರೆ ಅನ್ನುವ ಬರಹವೊಂದರ ಕನ್ನಡ ಅನುವಾದ ತಿದ್ದಿಕೊಡಲು ಒಪ್ಪಿಕೊಂಡಿದ್ದೇನೆ. ಎರಡು ಕಡೆ ಕೈ ನಿಂತುಬಿಟ್ಟಿದೆ. ಒಂದು, ಕಾನ್‌ಸ್ಪಿರಸಿ ಥಿಯರಿ, ಅಂದರೆ ಘಟನೆಯ ಹಿಂದೆ ಯಾರದೋ ಗುಟ್ಟಿನ ಸಂಚಿದೆ ಅನ್ನುವ ನಂಬಿಕೆ. ಇನ್ನೊಂದು, ಪ್ಯಾರಿಸ್ಸಿನಲ್ಲಿ ಕಾರು ಡಿಕ್ಕಿಯಾಗಿ ಸತ್ತ ರಾಜಕುಮಾರಿ ಡಯಾನಾಳ ಸಾವಿನ ತೀರ್ಪಿನಲ್ಲಿ ಬರುವ ಅನ್‌ಲಾಫುಲ್ ಕಿಲ್ಲಿಂಗ್.

ಮೊದಲನೆಯದಕ್ಕೆ ಈಗ ಎಲ್ಲ ಕಡೆ ‘ಪಿತೂರಿ ಸಿದ್ಧಾಂತ’ ಅಂತ ಬರೆಯುತ್ತಾರೆ. ಪಿತೂರಿ ಬಗ್ಗೆ ನನ್ನ ತಕರಾರಿಲ್ಲ. ಉರ್ದು ದಾರಿಯಲ್ಲಿ ಬಂದ ಮಾತು, ಈಗ ನಮ್ಮದೇ. ಸಂಚು, ಒಳಸಂಚು, ಮಸಲತ್ತು, ಹುನ್ನಾರ, ಯಾವುದಾದರೂ ನಡೆಯುತ್ತದೆ. ಸಿದ್ಧಾಂತ ಮಾತ್ರ ಒಪ್ಪಿಗೆಯಾಗುತ್ತಿಲ್ಲ. ಸಿದ್ಧವಾದ ಕೊನೆಯೇ ಸಿದ್ಧಾಂತ, ಅಂದರೆ ವಾದ ಎಲ್ಲ ಮುಗಿದು ಗಟ್ಟಿಯಾಗಿ ನಿಂತ ಮಾತು. ಹಳೆಯ ಶಾಸ್ತ್ರಚರ್ಚೆಗಳಲ್ಲಿ ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಹೇಳಿ, ಅದನ್ನು ಮುರಿದು, ಆಮೇಲೆ ಸಿದ್ಧಾಂತಕ್ಕೆ ಬರುತ್ತಿದ್ದರು. ಆ ಲೆಕ್ಕದಲ್ಲಿ ಡಯಾನಾಳನ್ನು ಕೊಲ್ಲಿಸಿದರು ಅನ್ನುವುದು ಹೆಚ್ಚೆಂದರೆ ಪೂರ್ವಪಕ್ಷ. ಡಾರ್ವಿನ್ ಹೇಳಿದ್ದನ್ನು ನಾವು ಶಾಲೆಯಲ್ಲಿ ‘ವಿಕಾಸವಾದ’ ಅಂತ ಓದಿದೆವು. ಅಷ್ಟು ಪುರಾವೆ ಇರುವುದಕ್ಕೆ ಬರೀ ವಾದ, ಪುರಾವೆಯೇ ನಿಲ್ಲದ ಮಾತಿಗೆ ಸಿದ್ಧಾಂತ. ಇದು ತಲೆಕೆಳಗು ಅಲ್ವಾ?

ಇದು ಬರೀ ಪದದ ಜಗಳ ಅಂತ ನನಗೆ ಅನ್ನಿಸುತ್ತಿಲ್ಲ, ಯಾಕೆ ಅಂತ ಹೇಳುತ್ತೇನೆ. 1997ರ ಆಗಸ್ಟ್ 31ರಂದು ಡಯಾನಾ ಸತ್ತ ಸುದ್ದಿ ಬಂದ ದಿನದಿಂದ ನಮ್ಮ ಅಮ್ಮ ಒಂದೇ ಮಾತು ಹೇಳುತ್ತಾಳೆ. ‘ಪಾಪ, ಆ ಹುಡುಗೀನ ಸಾಯಿಸಿಬಿಟ್ರು ಕಣೋ.’ ಯಾರಮ್ಮಾ ಅಂದರೆ, ‘ಇನ್ಯಾರು, ಅವರೇ.’ ಮೊನ್ನೆ ಅನುವಾದ ಎದುರಿಗಿಟ್ಟುಕೊಂಡು ಕೂತಾಗ ಈ ವಾಕ್ಯ ನೆನಪಾಯಿತು. ಕನ್ನಡದಲ್ಲಿ ‘ಸಾಯಿಸಿದರು’ ಅನ್ನಲು ಕರ್ತೃ ಬೇಕಿಲ್ಲ. ಆ ‘-ಅರು’ ಒಂದೇ ಸಾಕು, ಅಲ್ಲಿ ಯಾರೋ ಇದ್ದಾರೆ, ಒಬ್ಬರಿಗಿಂತ ಜಾಸ್ತಿ ಇದ್ದಾರೆ, ಹೆಸರು ಹೇಳಬೇಕಾಗಿಲ್ಲ ಅನ್ನುವಷ್ಟೂ ಅದರೊಳಗೆ ಬಂದುಬಿಡುತ್ತದೆ. ಆದರೆ ಅದೇ ಕನ್ನಡ ಇನ್ನೊಂದು ಒಳ್ಳೆಯ ಸಾಧನವನ್ನೂ ಕೊಟ್ಟಿದೆ. ‘ಸಾಯಿಸಿದರಂತೆ’. ನಾನು ಕಂಡಿದ್ದಲ್ಲ, ಕೇಳಿದ್ದು ಅಂತ ಒಂದು ‘ಅಂತೆ’ಯಲ್ಲಿ ಮುಗಿಯುತ್ತದೆ. ಅಮ್ಮ ಬೀದಿಯ ಬೇರೆ ಎಲ್ಲ ಸುದ್ದಿಗೂ ‘ಅಂತೆ’ ಹಚ್ಚುತ್ತಾಳೆ, ಡಯಾನಾ ವಿಷಯಕ್ಕೆ ಮಾತ್ರ ಹಚ್ಚುವುದಿಲ್ಲ.

ಹಾಗಾದರೆ ‘ಅಂತೆಕಂತೆ’ ಅನ್ನಬಹುದೇ ಅಂತ ಯೋಚಿಸಿದೆ. ಕೆಲವು ಕಡೆ ಚೆನ್ನಾಗಿ ಹೊಂದುತ್ತದೆ. 2024ರಲ್ಲಿ ಡಯಾನಾಳ ಸೊಸೆ, ರಾಜಕುಮಾರ ವಿಲಿಯಂನ ಹೆಂಡತಿ ಕೇಟ್ ವಿಷಯ ನೆನಪಿರಬೇಕು. ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದೆ, ಈಸ್ಟರ್ ಕಳೆಯುವ ತನಕ ಹೊರಗೆ ಬರುವುದು ಕಷ್ಟ ಅಂತ ಅರಮನೆ ಹೇಳಿತ್ತು. ಮಾರ್ಚ್ 10ಕ್ಕೆ ಮಕ್ಕಳ ಜೊತೆಗಿನ ಒಂದು ಫೋಟೋ ಹೊರಬಂತು, ಅದನ್ನು ತಿದ್ದಿದ್ದಾರೆ ಅಂತ ದೊಡ್ಡ ಸುದ್ದಿಸಂಸ್ಥೆಗಳು ವಾಪಸ್ ಪಡೆದವು, ಮಾರನೇ ದಿನ ಕೇಟ್ ತಾನೇ ತಿದ್ದಿದ್ದು ಅಂತ ಕ್ಷಮೆ ಕೇಳಿದಳು. ಅಷ್ಟು ಸಾಕಾಯಿತು. ಆಕೆ ಇಲ್ಲವೇ ಇಲ್ಲವಂತೆ, ವಿಂಡ್ಸರ್ ಹತ್ತಿರದ ಅಂಗಡಿಯಲ್ಲಿ ಕಂಡವಳು ತದ್ರೂಪಿಯಂತೆ, ಹೀಗೇ. ಮಾರ್ಚ್ 22ಕ್ಕೆ ಆಕೆ ಒಂದು ಬೆಂಚಿನ ಮೇಲೆ ಕೂತು, ನನಗೆ ಕ್ಯಾನ್ಸರ್ ಇದ್ದದ್ದು ಗೊತ್ತಾಗಿದೆ, ಚಿಕಿತ್ಸೆ ನಡೆಯುತ್ತಿದೆ ಅಂತ ಹೇಳಬೇಕಾಯಿತು. ಅದನ್ನು ನೋಡಿ ನನಗೆ ನಿಜಕ್ಕೂ ನೋವಾಯಿತು. ಇಲ್ಲಿ ‘ಅಂತೆಕಂತೆ’ ಸರಿಯಾದ ಪದ.

ಆದರೆ ಡಯಾನಾ ಜೊತೆ ಸತ್ತ ಅವಳ ಗೆಳೆಯ ಡೋಡಿಯ ತಂದೆ ಮೊಹಮ್ಮದ್ ಅಲ್ ಫಯದ್ ಹೇಳಿದ್ದಕ್ಕೆ ಅದೇ ಪದ ಹಾಕಲು ಮನಸ್ಸು ಒಪ್ಪುವುದಿಲ್ಲ. ಇದು ರಾಣಿ ಎಲಿಜಬೆತ್‌ರ ಗಂಡ ಪ್ರಿನ್ಸ್ ಫಿಲಿಪ್ ಮತ್ತು ಗುಪ್ತಚರರು ಮಾಡಿಸಿದ ಕೊಲೆ ಅಂತ ಆತ ಬಹಿರಂಗವಾಗಿ ಹೇಳಿದ, ವರ್ಷಗಟ್ಟಲೆ ಹೇಳಿದ, ಸಾವಿನ ವಿಚಾರಣೆಯಲ್ಲೂ ನಿಂತು ಹೇಳಿದ. ಲಂಡನ್ ಪೊಲೀಸರು ಆಪರೇಷನ್ ಪ್ಯಾಜೆಟ್ ಅಂತ ತನಿಖೆ ನಡೆಸಿ 2006ರಲ್ಲಿ 832 ಪುಟದ ವರದಿ ಕೊಟ್ಟರು, ಸಂಚು ಇರಲಿಲ್ಲ ಅಂದರು. ಆತ ಹೇಳಿದ್ದು ಸುಳ್ಳೇ ಆಗಿರಲಿ, ಮಗನನ್ನು ಕಳೆದುಕೊಂಡ ಅಪ್ಪನ ಮಾತು ಬಾವಿಕಟ್ಟೆಯ ಹರಟೆ ಅಲ್ಲ. ಅಲ್ಲಿ ‘ಪಿತೂರಿ ಆರೋಪ’ ಅಂತ ಹಾಕಿದ್ದೇನೆ. ಆರೋಪ ಅಂದರೆ ಸಾಬೀತು ಮಾಡುವ ಹೊಣೆ ಹೇಳಿದವನ ಮೇಲೆ ಉಳಿಯುತ್ತದೆ, ಅವಮಾನವೂ ಆಗುವುದಿಲ್ಲ.

ಇನ್ನೊಂದು ತೊಡಕೂ ಇದೆ. 1995ರಲ್ಲಿ ಬಿಬಿಸಿಯ ಮಾರ್ಟಿನ್ ಬಷೀರ್ ಡಯಾನಾ ಸಂದರ್ಶನ ಪಡೆಯಲು ಸುತ್ತಲಿನವರಿಗೆ ಹಣ ಸಂದಿದೆ ಅಂತ ತೋರುವ ನಕಲಿ ಬ್ಯಾಂಕ್ ಕಾಗದ ಮಾಡಿಸಿ ಆಕೆಯ ತಮ್ಮ ಅರ್ಲ್ ಸ್ಪೆನ್ಸರ್‌ಗೆ ತೋರಿಸಿದ್ದು, ಬಿಬಿಸಿಯೇ ನಿವೃತ್ತ ನ್ಯಾಯಾಧೀಶರೊಬ್ಬರಿಂದ ಮಾಡಿಸಿದ 2021ರ ಡೈಸನ್ ವರದಿಯಲ್ಲಿ ಖಚಿತವಾಯಿತು. ಇದು ನಿಜವಾಗಿ ನಡೆದ ವಂಚನೆ. ಸುತ್ತಲಿನವರು ತನ್ನ ವಿರುದ್ಧ ಇದ್ದಾರೆ ಅನ್ನುವ ಭಯ ಆಕೆಗೆ ಇದ್ದದ್ದೂ ನಿಜ. ಸಾವಿನ ಸಂಚು ಇರಲಿಲ್ಲ ಅನ್ನಬೇಕು, ಇದು ಇತ್ತು ಅಂತಲೂ ಅನ್ನಬೇಕು. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ಎಲ್ಲವನ್ನೂ ನಂಬುತ್ತಾರೆ, ಇಲ್ಲವೇ ಎಲ್ಲವನ್ನೂ ತಳ್ಳಿಹಾಕುತ್ತಾರೆ.

ಈಗ ಎರಡನೇ ಪದ. ನನಗೆ ಜಾಸ್ತಿ ಚಿಂತೆ ಇದರದ್ದೇ. 2008ರ ಏಪ್ರಿಲ್ 7ರಂದು ಲಂಡನ್ನಿನ ಜೂರಿ ಕೊಟ್ಟ ತೀರ್ಪು ಅನ್‌ಲಾಫುಲ್ ಕಿಲ್ಲಿಂಗ್. ಕಾರು ಓಡಿಸುತ್ತಿದ್ದ ಆಂರಿ ಪಾಲ್ ಮತ್ತು ಬೆನ್ನಟ್ಟಿ ಬಂದ ಗಾಡಿಗಳವರು ತೀರಾ ಬೇಜವಾಬ್ದಾರಿಯಿಂದ ಓಡಿಸಿದ್ದರಿಂದ ಸಾವಾಯಿತು ಅನ್ನುವುದು ಅದರ ತಿರುಳು. ಪಾಲ್ ಕುಡಿದಿದ್ದದ್ದು, ಡಯಾನಾ ಸೀಟ್‌ಬೆಲ್ಟ್ ಹಾಕದೇ ಇದ್ದದ್ದೂ ಕಾರಣ ಅಂದರು. ನನ್ನ ಕೈಗೆ ಬಂದ ಅನುವಾದದಲ್ಲಿ ಇದು ‘ಕಾನೂನುಬಾಹಿರ ಹತ್ಯೆ ಎಂದು ನ್ಯಾಯಾಲಯ ಘೋಷಿಸಿತು’ ಅಂತಾಗಿದೆ. ಪದಕ್ಕೆ ಪದ ಸರಿ. ಆದರೆ ಕನ್ನಡದಲ್ಲಿ ಹತ್ಯೆ ಅಂದಕೂಡಲೇ ಕೈಯಲ್ಲಿ ಆಯುಧ ಹಿಡಿದ ಒಬ್ಬ ಕಣ್ಣಿಗೆ ಬರುತ್ತಾನೆ. ಬೇಜವಾಬ್ದಾರಿ ಅಂತ ಹೇಳಿದ ತೀರ್ಪೇ ಕೊಲೆಗೆ ಸಾಕ್ಷಿ ಆಗಿಬಿಡುತ್ತದೆ. ಅಮ್ಮ ಇದನ್ನು ಓದಿದರೆ ‘ನೋಡು, ಕೋರ್ಟೇ ಹೇಳಿದೆ’ ಅನ್ನುತ್ತಾಳೆ, ಅದು ಅವಳ ತಪ್ಪಲ್ಲ.

ನಮ್ಮಲ್ಲಿ ರಸ್ತೆ ಅಪಘಾತದ ದೂರುಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಅಂತ ಬರೆಯುತ್ತಾರಲ್ಲ, ಅದನ್ನು ಹಿಡಿದು ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: ‘ಚಾಲಕ ಮತ್ತು ಬೆನ್ನಟ್ಟಿದವರ ಅತಿ ಅಜಾಗರೂಕತೆಯಿಂದ ಆದ, ಕಾನೂನಿನ ಕಣ್ಣಲ್ಲಿ ಅಪರಾಧವಾದ ಸಾವು.’ ಉದ್ದವಾಯಿತು, ತೀರ್ಪಿನ ಗಡಸೂ ಸ್ವಲ್ಪ ಕಡಿಮೆಯಾಯಿತು ಅನ್ನಿಸುತ್ತಿದೆ. ಸುಮ್ನೆ ‘ಅಪಘಾತ’ ಅಂತ ಹಾಕಿದರೆ ಯಾರದ್ದೂ ತಪ್ಪಿಲ್ಲ ಅನ್ನುವ ಅರ್ಥ ಬರುತ್ತದೆ, ಅದೂ ಜೂರಿ ಹೇಳಿದ್ದಲ್ಲ.

ಕೋರ್ಟಿನಲ್ಲೋ ಪೊಲೀಸ್ ಠಾಣೆಯಲ್ಲೋ ಕನ್ನಡದಲ್ಲೇ ಕಾಗದಪತ್ರ ಬರೆದು ಅನುಭವ ಇರುವವರು ಈ ಗುಂಪಿನಲ್ಲಿದ್ದಾರೆ. ಕೊಲೆ ಅಲ್ಲದ, ಆದರೆ ಬರೀ ಅಪಘಾತವೂ ಅಲ್ಲದ ಸಾವಿಗೆ ನೀವು ಬಳಸುವ, ಓದಿದ ಕೂಡಲೇ ಎಲ್ಲರಿಗೂ ತಿಳಿಯುವ ಮಾತು ಯಾವುದು? ಬರಹವನ್ನು ಈ ವಾರದ ಕೊನೆಗೆ ಕೊಡಬೇಕು.