ಮನೆ ಮುಗಿದರೂ ಮುಗಿಯದ ಬಸ್ಸು

ಭಾನುವಾರ ಮಧ್ಯಾಹ್ನದ ಕಾಫಿಗೆ ಮೇಷ್ಟ್ರ ಮನೆಯ ಜಗಲಿಯಲ್ಲಿ ಸೇರಿದ್ದೆವು. ಎದುರಿಗೆ ಬೀದಿ ಕಾಣುತ್ತಿರಲಿಲ್ಲ, ಬಸ್ಸು ಕಾಣುತ್ತಿತ್ತು.

"ನನ್ನ ನಿವೇಶನ 30x40. ಮುಂಭಾಗ 30 ಅಡಿ. ಈ ಬಸ್ಸು 12 ಮೀಟರ್, ಅಂದರೆ ಹತ್ತಿರ ಹತ್ತಿರ 40 ಅಡಿ. ನನ್ನ ಮನೆ ಮುಗಿದರೂ ಬಸ್ಸು ಮುಗಿಯುವುದಿಲ್ಲ" ಎಂದರು ಮೇಷ್ಟ್ರು. ನಿವೃತ್ತರಾದರೂ ಗಣಿತ ಅವರನ್ನು ಬಿಟ್ಟಿಲ್ಲ.

"ಉಳಿದ 10 ಅಡಿ ನನ್ನ ಪಾಲಿಗೆ ಬಂದಿದೆ" ಎಂದರು ಪಕ್ಕದ ಮನೆಯ ರಾಯರು, ಆಸ್ತಿ ಭಾಗವಾದವರಂತೆ ನಿಟ್ಟುಸಿರು ಬಿಡುತ್ತಾ.

ಸ್ಲೀಪರ್ ಬಸ್ಸಿನ ದಿನಚರಿಯೇ ಹಾಗೆ. ರಾತ್ರಿಯೆಲ್ಲ ಜನರನ್ನು ಮಲಗಿಸಿಕೊಂಡು ಓಡುತ್ತದೆ, ಬೆಳಿಗ್ಗೆ ಅವರನ್ನು ಬೆಂಗಳೂರಿನ ಮಡಿವಾಳದಲ್ಲಿ ಇಳಿಸಿ ತಾನು ಮಲಗಲು ನಮ್ಮ ಬೀದಿಗೆ ಬರುತ್ತದೆ. ಮಾಲೀಕನಿಗೆ ಬಸ್ಸು ಕೊಳ್ಳಲು ಸಾಲ ಸಿಕ್ಕಿದೆ, ನಿಲ್ಲಿಸಲು ಜಾಗ ಸಿಕ್ಕಿಲ್ಲ. ಇಲ್ಲಿಯೇ ಏಕೆ ಎಂದು ಕೇಳಿದ್ದಕ್ಕೆ ಡ್ರೈವರ್, "ನಿಮ್ಮ ಹೊಂಗೆಮರದ ನೆರಳು ಚೆನ್ನಾಗಿದೆ ಸಾರ್" ಎಂದಿದ್ದನಂತೆ. ನೆಟ್ಟವರು ಮೇಷ್ಟ್ರೇ.

"ಕಾನೂನು ಇಲ್ಲವೇ?" ಎಂದು ನಾನು ವಕೀಲರ ಕಡೆ ತಿರುಗಿದೆ.

"ಇಲ್ಲದೆ ಏನು! ಮೋಟಾರು ವಾಹನ ಕಾಯ್ದೆ, 1988. ಸೆಕ್ಷನ್ 127. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಹೆಚ್ಚು ಹೊತ್ತು ನೋಡಿಕೊಳ್ಳುವವರಿಲ್ಲದೆ ಬಿಟ್ಟ ವಾಹನವನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಹೇಳಬಹುದು."

"ನಾನು ಗಡಿಯಾರ ಹಿಡಿದು ಕೂತಿದ್ದೆ" ಎಂದರು ಮೇಷ್ಟ್ರು. "ಒಂಬತ್ತನೆಯ ಗಂಟೆಗೆ ಬಸ್ಸಿನೊಳಗಿಂದ ಕ್ಲೀನರ್ ಆಕಳಿಸುತ್ತಾ ಇಳಿದ. ನಮ್ಮ ನಲ್ಲಿಯಲ್ಲೇ ಮುಖ ತೊಳೆದ."

"ಹಾಗಾದರೆ ನೋಡಿಕೊಳ್ಳುವವನು ಇದ್ದಾನೆ. ಮೊಕದ್ದಮೆ ಬಿದ್ದುಹೋಯಿತು" ಎಂದು ವಕೀಲರು ಚಕ್ಕುಲಿ ಮುರಿದರು. "ಸಂಚಾರಕ್ಕೆ ಅಡ್ಡಿ ಎನ್ನುವ ಸೆಕ್ಷನ್ 201 ಹಿಡಿಯಬಹುದು. 2019ರ ತಿದ್ದುಪಡಿಯ ನಂತರ ದಂಡ 500 ರೂಪಾಯಿವರೆಗೆ."

"ಎಳೆದೊಯ್ಯುವ ಲಾರಿಗಳು ಎಲ್ಲಿ ಹೋದವು?" ಎಂದರು ರಾಯರು.

ಯಾರೂ ಮಾತನಾಡಲಿಲ್ಲ. 2022ರ ಆರಂಭದಲ್ಲಿ ಬೆಂಗಳೂರಿನಲ್ಲಿ ಆ ಲಾರಿಗಳ ಓಡಾಟ ನಿಂತಾಗ, ಇದೇ ಜಗಲಿಯಲ್ಲಿ ಮೈಸೂರುಪಾಕು ಹಂಚಿದವರು ಇದೇ ರಾಯರು. ಅವರ ಸ್ಕೂಟರ್ ಎರಡು ಸಲ ಆ ಲಾರಿಯ ಮೇಲೆ ಸವಾರಿ ಮಾಡಿತ್ತು.

"ಬೀದಿ 30 ಅಡಿ, ಬಸ್ಸಿನ ಅಗಲ ಎಂಟೂವರೆ. ಆದರೂ ಅಗ್ನಿಶಾಮಕ ವಾಹನ ದಾಟುವಷ್ಟು ಜಾಗ ಉಳಿಯಬೇಕಲ್ಲ?" ಎಂದು ನಾನು ಕೇಳಿದೆ. ಮೇಷ್ಟ್ರು ಲೆಕ್ಕ ಮಾಡಿದರು. ಎದುರುಸಾಲಿನ ಕಾರುಗಳು ಆರು ಅಡಿ ಕಳೆಯಿರಿ. ವಕೀಲರ ಮನೆಯ ಇಳಿಜಾರು ನಾಲ್ಕು ಅಡಿ. ಇನ್ಯಾರೋ ಇಟ್ಟ ತುಳಸಿ ಮತ್ತು ಮಲ್ಲಿಗೆಯ ಕುಂಡಗಳು ಎರಡು ಅಡಿ. ಆ 'ಇನ್ಯಾರೋ' ನಾನೇ. ಲೆಕ್ಕ ಅಲ್ಲಿಗೇ ನಿಲ್ಲಿಸಿ ಎಂದು ಕೇಳಿಕೊಂಡೆ.

ಅಷ್ಟರಲ್ಲಿ ಬಸ್ಸು ಗುಡುಗಿತು. ಡ್ರೈವರ್ ಗೇಟಿನ ಬಳಿ ಬಂದು ಬಹಳ ವಿನಯದಿಂದ, "ಆ ಬೂದು ಬಣ್ಣದ ಕಾರು ಯಾರದು ಸಾರ್? ಸ್ವಲ್ಪ ತೆಗೆದರೆ ಬಸ್ಸು ಹೊರಡುತ್ತದೆ" ಎಂದ.

ಎಲ್ಲರೂ ರಾಯರನ್ನು ನೋಡಿದೆವು. ಅವರ ಮನೆಯ ನಕ್ಷೆಯಲ್ಲಿ ಕಾರಿಗೆಂದು ತೋರಿಸಿದ ಜಾಗದಲ್ಲಿ ಆರು ವರ್ಷದಿಂದ ಟೈಲರ್ ಅಂಗಡಿಯಿದೆ. ಬಾಡಿಗೆ ಸರಿಯಾಗಿ ಬರುತ್ತದೆ. ರಾಯರು ಜೇಬು ತಡಕಿದರು. ಮತ್ತೆ ತಡಕಿದರು.

"ಕೀಲಿ ಮಗನ ಹತ್ತಿರ ಇದೆ" ಎಂದರು ಕೊನೆಗೆ. "ಅವನು ತುಮಕೂರಿಗೆ ಹೋಗಿದ್ದಾನೆ. ಬಸ್ಸಿನಲ್ಲಿ."