‘ಮಿನ್ಯಾನ್’ ಎಂಬುದಕ್ಕೆ ‘ಕೋರಂ’ ಸಾಕೇ?

ಮಾನ್ಯರೇ,

ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ (ಯೆಹೂದ್ಯರ ಪ್ರಾರ್ಥನಾಲಯ) ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿನ ಯೆಹೂದ್ಯರಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೋಗಿ ನೆಲೆಸಿದ ಮೇಲೆ, ಹೊರಗಿನಿಂದ ಬಂದವರು ಜೊತೆಗೂಡದ ಹೊರತು ‘ಮಿನ್ಯಾನ್’ ಆಗುವುದಿಲ್ಲ ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಸಿನಗಾಗಿಗೆ ಕನ್ನಡ ಬೈಬಲ್ಲಿನ ‘ಸಭಾಮಂದಿರ’ ಇದೆ. ಹೀಬ್ರೂವಿನ ‘ಬೇತ್ ಕ್ನೆಸೆತ್’ ಎಂದರೂ ಜನ ಕೂಡುವ ಮನೆಯೇ ಆದ್ದರಿಂದ ಅದರ ಬಗ್ಗೆ ನನಗೆ ತಕರಾರಿಲ್ಲ. ತೊಡಕಿರುವುದು ಮಿನ್ಯಾನಿನಲ್ಲಿ.

ಸಾಮೂಹಿಕ ಪ್ರಾರ್ಥನೆಗೆ ಬೇಕಾದ, 13 ವರ್ಷ ತುಂಬಿದ ಹತ್ತು ಮಂದಿಯ ಕೂಟಕ್ಕೆ ಈ ಹೆಸರು. ಮೊದಲಿಗೆ ಹೊಳೆಯುವುದು ‘ಕೋರಂ’. ಆದರೆ ವಿಧಾನಸಭೆಯಲ್ಲಾಗಲಿ ಸಹಕಾರ ಸಂಘದಲ್ಲಾಗಲಿ ಕೋರಂ ಇಲ್ಲವೆಂದರೆ ಸಭೆಯನ್ನೇ ಮುಂದೂಡಬೇಕಾಗುತ್ತದೆ. ಇಲ್ಲಿ ಹಾಗಲ್ಲ. ಬೆಳಗಿನ ಶಖರಿತ್, ಮಧ್ಯಾಹ್ನದ ಮಿನ್ಹಾ, ರಾತ್ರಿಯ ಮಾರಿವ್ ಎಂಬ ಮೂರು ಪ್ರಾರ್ಥನೆಗಳನ್ನೂ ಒಬ್ಬನೇ ಇದ್ದರೂ ಹೇಳಬೇಕು. ಪಾದಗಳನ್ನು ಜೋಡಿಸಿ, ಜೆರುಸಲೇಮಿನ ದಿಕ್ಕಿಗೆ ನಿಂತು ಪಿಸುದನಿಯಲ್ಲಿ ಹೇಳುವ ಅಮಿದಾ ಎಂಬ ಮುಖ್ಯ ಪ್ರಾರ್ಥನೆ ಆಗಲೂ ತಪ್ಪುವುದಿಲ್ಲ. ಹತ್ತು ಮಂದಿ ಇಲ್ಲದಾಗ ಬಿಟ್ಟುಹೋಗುವುದು ಕೆಲವು ಭಾಗಗಳು ಮಾತ್ರ: ಮುಂದೆ ನಿಂತವನು ಅಮಿದಾವನ್ನು ಗಟ್ಟಿಯಾಗಿ ಮತ್ತೊಮ್ಮೆ ಹೇಳುವುದು, ಸೋಮವಾರ, ಗುರುವಾರ ಮತ್ತು ಶನಿವಾರ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಬಿಚ್ಚಿ ವಿಧಿಪೂರ್ವಕವಾಗಿ ಓದುವುದು, ಜೊತೆಗೆ ಕದ್ದಿಶ್ ಎಂಬ ದೇವಸ್ತುತಿ. ಹೆತ್ತವರನ್ನು ಕಳೆದುಕೊಂಡ ಮಗ ಹನ್ನೊಂದು ತಿಂಗಳು ದಿನವೂ ಹೇಳುವುದು ಈ ಕದ್ದಿಶನ್ನೇ ಆದ್ದರಿಂದ, ಒಂಬತ್ತೇ ಜನ ಸೇರಿದ ದಿನ ಹೆಚ್ಚು ನೋಯುವವನು ಅವನು. ‘ಕೋರಂ ಆಗಲಿಲ್ಲ’ ಎಂದು ಬರೆದರೆ ಇದರಲ್ಲಿ ಯಾವುದೂ ಓದುಗರಿಗೆ ಮುಟ್ಟುವುದಿಲ್ಲ.

ಹೀಬ್ರೂ ಮೂಲದಲ್ಲಿ ‘ಮಿನ್ಯಾನ್’ ಪದಕ್ಕೆ ಎಣಿಕೆ ಎಂದೇ ಅರ್ಥ. ಆದರೆ ತಲೆ ಎಣಿಸಬಾರದೆಂಬ ಕಟ್ಟಳೆಯೂ ಅದೇ ಜನರಲ್ಲಿದೆ: ಬೈಬಲ್ಲಿನ 28ನೆಯ ಕೀರ್ತನೆಯ ಕೊನೆಯ ವಚನದಲ್ಲಿ ಹೀಬ್ರೂವಿನಲ್ಲಿ ಸರಿಯಾಗಿ ಹತ್ತು ಪದಗಳಿದ್ದು, ಒಬ್ಬೊಬ್ಬರಿಗೆ ಒಂದೊಂದು ಪದ ಹೇಳುತ್ತ, ವಚನ ಮುಗಿದರೆ ಹತ್ತಾಯಿತೆಂದು ತಿಳಿಯುವ ರೂಢಿಯಿದೆ. (ನಮ್ಮ ಕಣಗಳಲ್ಲಿ ರಾಶಿ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ನೆನಪಾಯಿತು.) ಹೀಗಿರುವಾಗ ‘ಗಣತಿ’ ‘ಎಣಿಕೆ’ಗಳೂ ಒಗ್ಗಲಾರವು. ‘ಹತ್ತು ಗಂಡಸರು’ ಎಂದು ಬಿಡಿಸಿ ಬರೆಯುವುದು ಸಂಪ್ರದಾಯನಿಷ್ಠ ಆರ್ಥಡಾಕ್ಸ್ ಸಿನಗಾಗುಗಳ ಮಟ್ಟಿಗೆ ಸರಿ. ಹೆಂಗಸರನ್ನೂ ಲೆಕ್ಕಕ್ಕೆ ಹಿಡಿಯುವ ಸುಧಾರಣಾವಾದಿ ರಿಫಾರ್ಮ್ ಪಂಥದ ಮಟ್ಟಿಗೆ ತಪ್ಪು. ಗೆಳೆಯರೊಬ್ಬರು ಸೂಚಿಸಿದ ‘ದಶಕೂಟ’ ನನ್ನ ಕಿವಿಗೆ ಜ್ಯೋತಿಷ್ಯದ ಪದದಂತೆ ಕೇಳಿಸುತ್ತದೆ.

ಮೊದಲ ಬಾರಿ ‘ಮಿನ್ಯಾನ್ ಎಂಬ ಹತ್ತು ಮಂದಿಯ ಕೂಟ’ ಎಂದು ಬರೆದು, ಮುಂದೆ ‘ಹತ್ತು ಮಂದಿ ಕೂಡಿದರು’, ‘ಕೂಡಲಿಲ್ಲ’ ಎಂದು ಸಾಗಿಸೋಣವೆಂದಿದ್ದೇನೆ. ಆದರೆ ‘ಬೆಳಗಿನ ಮಿನ್ಯಾನಿಗೆ ಹೋಗಿ ಬಂದ’ ಎಂಬಂಥ ವಾಕ್ಯದಲ್ಲಿ ಆ ಪದ ಪ್ರಾರ್ಥನೆಯನ್ನೇ ಸೂಚಿಸುವುದರಿಂದ ಈ ಉಪಾಯ ನಡೆಯದು. ಅಂಥ ಕಡೆ ಮೂಲಪದವನ್ನೇ ಉಳಿಸಿಕೊಳ್ಳುವುದೋ, ಇಲ್ಲ ‘ಕೂಟಪ್ರಾರ್ಥನೆ’ ಎನ್ನಬಹುದೋ? ಉಳಿಸಿಕೊಳ್ಳುವುದಾದರೆ ‘ಮಿನ್ಯಾನ್’ ಎಂದು ವ್ಯಂಜನಾಂತವಾಗಿಯೇ ಬಿಡಬೇಕೋ, ‘ಮಿನ್ಯಾನು’ ಎಂದು ಉಕಾರ ಹಚ್ಚಬೇಕೋ, ಬಲ್ಲವರು ತಿಳಿಸಬೇಕಾಗಿ ವಿನಂತಿ.